ಇಂದ್ರಿಯಗಳ ಮೂರು ಋಣ



‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯೊಂದು ನಮ್ಮಲ್ಲಿದೆ. ದುಡುಕುವವರಿಗೆ ಹಿರಿಯರು ಹೇಳುವ ಬುದ್ಧಿಮಾತು ಎಂದಷ್ಟೇ ನಾವು ಅದನ್ನು ತಿಳಿದಿದ್ದೇವೆ. ಅದರಲ್ಲಿ ಇನ್ನೂ ಆಳವಾದ ಅರ್ಥವಿದೆಯೆಂಬುದು ನನಗೆ ಮನವರಿಕೆಯಾದದ್ದು ನಾನೇ ಮಾಡಿದ ಒಂದು ತಪ್ಪಿನಿಂದ. ಆದುದರಿಂದ ಆ ತಪ್ಪಿನಿಂದಲೇ ಈ ಭಾಷಣವನ್ನು ಆರಂಭಿಸುತ್ತೇನೆ.

ನಾನು ಅಧ್ಯಾಪಕ ವೃತ್ತಿಗೆ ಸೇರಿದ ಹೊಸತು. ಮೈಸೂರು ಸೀಮೆಯ ಒಂದು ಹಳ್ಳಿಯಿಂದ ಬಂದ ವಿದ್ಯಾರ್ಥಿಯೊಬ್ಬ ತರಗತಿಯಲ್ಲಿ ಗದ್ಯಭಾಗವೊಂದನ್ನು ಗಟ್ಟಿಯಾಗಿ ಓದುತ್ತಿದ್ದ. ‘ಹಾಲು’ ಅವನ ಬಾಯಲ್ಲಿ ‘ಆಲು’ ಆಯಿತು. ‘ಹಣ್ಣು’ ‘ಅಣ್ಣು’ ಆಯಿತು. ನಾನು ತಿದ್ದಿದೆ. ಅವನು ಎಚ್ಚರ ವಹಿಸಿ ಓದತೊಡಗಿದ. ಆಗ ‘ಅಕ್ಕಿ’ ‘ಹಕ್ಕಿ’ಯಾಯಿತು. ನನ್ನ ತಾಳ್ಮೆ ತಪ್ಪಿತು. ‘ನಿನಗೆ ಕಿವಿಯೇ ಇಲ್ಲವೇನಯ್ಯಾ?’ ಎಂದುಬಿಟ್ಟೆ. ತರಗತಿ ನಕ್ಕಿತು. ಆ ವರ್ಷವೆಲ್ಲ ಆ ಹುಡುಗ ಮತ್ತೆ ಗಟ್ಟಿಯಾಗಿ ಓದಲಿಲ್ಲ. ಅವನಿಗೆ ಕಿವಿಯಿತ್ತು. ಆ ಕಿವಿ ಎಲ್ಲಿ, ಹೇಗೆ, ಯಾವಾಗ ಹದಗೊಂಡಿತ್ತೆಂಬ ತಿಳಿವಳಿಕೆ ಮಾತ್ರ ನನಗಿರಲಿಲ್ಲ.

ಮನುಷ್ಯ ಹುಟ್ಟುವಾಗಲೇ ಮೂರು ಋಣಗಳನ್ನು ಹೊತ್ತು ಬರುತ್ತಾನೆಂದು ನಮ್ಮ ಪ್ರಾಚೀನರು ಹೇಳಿದರು: ದೇವಋಣ, ಋಷಿಋಣ, ಪಿತೃಋಣ. ನಮ್ಮ ಇಂದ್ರಿಯಗಳಿಗೂ ಇಂಥ ಮೂರು ಋಣಗಳಿವೆಯೆಂದು ನನಗೆ ತೋರುತ್ತದೆ. ಒಂದು ದೇಹದ ಋಣ, ಇನ್ನೊಂದು ಎಳವೆಯ ಋಣ, ಮತ್ತೊಂದು ನಾವು ಬೆಳೆದ ಜನದ, ಅವರ ನುಡಿಯ ಋಣ. ‘ನಾನು ಕಂಡೆ’, ‘ನಾನು ಕೇಳಿದೆ’ ಎಂದು ನಾವು ಹೇಳುವಾಗ ಆ ‘ನಾನು’ ಎಂಬುದರೊಳಗೆ ಈ ಮೂರೂ ಸೇರಿರುತ್ತವೆ.

ಮೊದಲು ದೇಹದ ಮಾತು. ಜೇನುಹುಳು ಕಾಣುವ ಲೋಕ ನಾವು ಕಾಣುವ ಲೋಕವಲ್ಲ. ನಮ್ಮ ಕಣ್ಣಿಗೆ ಗೋಚರಿಸದ ಅತಿನೇರಳೆ ಕಿರಣ ಅದಕ್ಕೆ ಗೋಚರಿಸುತ್ತದೆ. ನಮಗೆ ಕಣ್ಣು ಕುಕ್ಕುವ ಕೆಂಪು ಅದಕ್ಕೆ ಬಣ್ಣವೇ ಅಲ್ಲ. ಹಾಗಾದರೆ ಹೂವಿನ ನಿಜವಾದ ಬಣ್ಣ ಯಾವುದು? ಜೇನುಹುಳು ಕಂಡದ್ದೋ, ನಾವು ಕಂಡದ್ದೋ? ಈ ಪ್ರಶ್ನೆ ಮನುಷ್ಯ ಮನುಷ್ಯರ ನಡುವೆಯೂ ಏಳಬಹುದು. ಪರಮಾಣು ಸಿದ್ಧಾಂತದಿಂದ ಹೆಸರಾದ ಇಂಗ್ಲೆಂಡಿನ ಜಾನ್ ಡಾಲ್ಟನ್‌ಗೆ ತನ್ನ ಕಣ್ಣು ಇತರರ ಕಣ್ಣಿನಂತಿಲ್ಲವೆಂದು ತಿಳಿದದ್ದು 26ನೆಯ ವಯಸ್ಸಿನಲ್ಲಿ. 1792ರಲ್ಲಿ ಅವನು ಜೆರೇನಿಯಂ ಹೂವೊಂದನ್ನು ದೀಪದ ಬೆಳಕಿನಲ್ಲಿ ನೋಡಿದ. ಹಗಲಿನಲ್ಲಿ ಆಕಾಶನೀಲಿಯಾಗಿ ಕಂಡಿದ್ದ ಆ ಹೂವು ಈಗ ತೀರ ಬೇರೆ ಬಣ್ಣದ್ದಾಗಿ ಕಂಡಿತು. ಗೆಳೆಯರನ್ನು ಕೇಳಿದ, ಅವರಿಗೆ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ. ‘ಹೌದು, ನನಗೂ ಹಾಗೆಯೇ ಕಾಣುತ್ತದೆ’ ಎಂದವನು ಅವನ ಅಣ್ಣನೊಬ್ಬನೇ. ಅಲ್ಲಿಯವರೆಗೆ ಎಲ್ಲರೂ ಕಾಣುವ ಬಣ್ಣಗಳನ್ನೇ ತಾನೂ ಕಾಣುತ್ತಿದ್ದೇನೆಂದು ಡಾಲ್ಟನ್ ನಂಬಿದ್ದ. ಏಕೆಂದರೆ ಎಲ್ಲರೂ ಬಳಸುವ ಬಣ್ಣದ ಹೆಸರುಗಳನ್ನೇ ಅವನೂ ಬಳಸುತ್ತಿದ್ದ.

ತನ್ನ ಕಣ್ಣಿನೊಳಗಿನ ದ್ರವ ನೀಲಿಬಣ್ಣದ್ದಾಗಿರಬೇಕು, ಅದೇ ಈ ದೋಷಕ್ಕೆ ಕಾರಣ ಎಂಬುದು ಅವನ ಊಹೆ. ಸತ್ತ ಮೇಲೆ ತನ್ನ ಕಣ್ಣುಗಳನ್ನು ಪರೀಕ್ಷಿಸಬೇಕೆಂದು ಹೇಳಿಟ್ಟಿದ್ದ. 1844ರಲ್ಲಿ ಅವನು ತೀರಿಕೊಂಡಾಗ ವೈದ್ಯರು ನೋಡಿದರು, ದ್ರವ ತಿಳಿಯಾಗಿತ್ತು. ಕಾಪಾಡಿಟ್ಟಿದ್ದ ಆ ಕಣ್ಣಿನ ಚೂರನ್ನು ಒಂದೂವರೆ ಶತಮಾನದ ಅನಂತರ, 1995ರಲ್ಲಿ, ವಿಜ್ಞಾನಿಗಳು ಮತ್ತೆ ಪರೀಕ್ಷಿಸಿದರು. ಬಣ್ಣವನ್ನು ಗುರುತಿಸುವ ಮೂರು ಬಗೆಯ ಕೋಶಗಳಲ್ಲಿ ಒಂದು ಬಗೆ ಅವನಿಗೆ ಹುಟ್ಟಿನಿಂದಲೇ ಇರಲಿಲ್ಲವೆಂಬುದು ಆಗ ಖಚಿತವಾಯಿತು. ಅಷ್ಟು ದೊಡ್ಡ ಬುದ್ಧಿಶಾಲಿಗೂ ತನ್ನ ಕಣ್ಣಿನ ಮಿತಿಯನ್ನು ತನ್ನ ಕಣ್ಣಿನಿಂದಲೇ ಕಾಣಲಾಗಲಿಲ್ಲ. ಬೇರೆ ಕಣ್ಣುಗಳೊಡನೆ ಹೋಲಿಸಿ ನೋಡಿದಾಗಲೇ ಅದು ತಿಳಿಯಿತು. ಪ್ರಮಾಣಿಸಿ ನೋಡುವುದೆಂದರೆ ಇದೇ ಅಲ್ಲವೆ?

ಇನ್ನು ಎರಡನೆಯ ಋಣ. ದೇಹ ಸರಿಯಾಗಿದ್ದ ಮಾತ್ರಕ್ಕೆ ನೋಟ ತಾನಾಗಿ ಬರುತ್ತದೆಯೆ? 1688ರಲ್ಲಿ ಡಬ್ಲಿನ್ ನಗರದ ವಿಲಿಯಂ ಮಾಲಿನೋ ಎಂಬ ವಿದ್ವಾಂಸ ತತ್ತ್ವಜ್ಞಾನಿ ಜಾನ್ ಲಾಕ್‌ಗೆ ಒಂದು ಪ್ರಶ್ನೆಯನ್ನು ಬರೆದು ಕಳುಹಿಸಿದ. ಹುಟ್ಟುಕುರುಡನೊಬ್ಬ ಗೋಲವನ್ನೂ ಘನಾಕಾರವನ್ನೂ ಕೈಯಿಂದ ಮುಟ್ಟಿ ಚೆನ್ನಾಗಿ ಬಲ್ಲ. ಅವನಿಗೆ ದೊಡ್ಡವನಾದ ಮೇಲೆ ಕಣ್ಣು ಬಂದಿತೆನ್ನಿ. ಮೇಜಿನ ಮೇಲಿಟ್ಟ ಆ ಎರಡನ್ನು ಮುಟ್ಟದೆ, ಬರಿಯ ಕಣ್ಣಿನಿಂದ, ಇದು ಗೋಲ, ಇದು ಘನ ಎಂದು ಹೇಳಬಲ್ಲನೆ? ಮಾಲಿನೋ ಸ್ವತಃ ಹೇಳಲಾರನೆಂದೇ ಭಾವಿಸಿದ್ದ. ಲಾಕ್ ಕೂಡ ಒಪ್ಪಿದ. 1728ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ವಿಲಿಯಂ ಚೆಸೆಲ್ಡನ್ ಹದಿಮೂರು ಹದಿನಾಲ್ಕು ವಯಸ್ಸಿನ ಹುಡುಗನೊಬ್ಬನ ಕಣ್ಣಿನ ಪೊರೆಯನ್ನು ತೆಗೆದ ವೃತ್ತಾಂತವನ್ನು ಪ್ರಕಟಿಸಿದ. ಹುಡುಗನಿಗೆ ಕಂಡದ್ದೆಲ್ಲವೂ ಕಣ್ಣಿಗೆ ತಾಗುತ್ತಿರುವಂತೆ ತೋರಿತಂತೆ. ಬೆಕ್ಕು ಯಾವುದು, ನಾಯಿ ಯಾವುದು ಎಂಬುದು ಅವನಿಗೆ ಮತ್ತೆ ಮತ್ತೆ ಮರೆತುಹೋಗುತ್ತಿತ್ತು. ಒಮ್ಮೆ ಬೆಕ್ಕನ್ನು ಹಿಡಿದು, ಮೈಯೆಲ್ಲ ತಡವಿ, ಕಣ್ಣಿಟ್ಟು ನೋಡಿ, ಇನ್ನು ಮುಂದೆ ನಿನ್ನ ಗುರುತು ಹಿಡಿಯುತ್ತೇನೆಂದು ಅದಕ್ಕೆ ಹೇಳಿ ಬಿಟ್ಟುಕೊಟ್ಟನಂತೆ.

ಈ ಹಳೆಯ ಪ್ರಶ್ನೆಗೆ ನಮ್ಮ ದೇಶದ ಮಕ್ಕಳು ನೀಡಿದ ಉತ್ತರ ಗಮನಾರ್ಹವಾದುದು. ಅಮೆರಿಕದ ಮ್ಯಾಸಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿರುವ ಭಾರತೀಯ ಮೂಲದ ಪವನ್ ಸಿನ್ಹಾ ಅವರು ‘ಪ್ರಕಾಶ್’ ಎಂಬ ಯೋಜನೆಯನ್ನು ಆರಂಭಿಸಿದರು. ಪೊರೆಯಿಂದಲೋ ಕಣ್ಣಿನ ಇತರ ದೋಷದಿಂದಲೋ ಹುಟ್ಟಿನಿಂದ ಕುರುಡಾಗಿದ್ದು, ಚಿಕಿತ್ಸೆಗೆ ದಾರಿಯಿಲ್ಲದೆ ಹಾಗೆಯೇ ಬೆಳೆದ ಉತ್ತರ ಭಾರತದ ಮಕ್ಕಳಿಗೆ ದೆಹಲಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸುವುದು, ಜೊತೆಗೆ ನೋಟ ಹೇಗೆ ಬೆಳೆಯುತ್ತದೆಂದು ಅರಿಯುವುದು ಅದರ ಉದ್ದೇಶ. 8ರಿಂದ 17 ವಯಸ್ಸಿನ ಐವರ ಪರೀಕ್ಷೆಯ ಫಲ 2011ರಲ್ಲಿ ಪ್ರಕಟವಾಯಿತು. ಕೈಯಿಂದ ಮುಟ್ಟಿದ ಆಟಿಕೆಯ ತುಂಡನ್ನು ಅವರು ಕೈಯಿಂದಲೇ ಮತ್ತೆ ಗುರುತಿಸಿದರು. ಕಣ್ಣಿನಿಂದ ನೋಡಿದ್ದನ್ನು ಕಣ್ಣಿನಿಂದಲೇ ಗುರುತಿಸಿದರು. ಆದರೆ ಮುಟ್ಟಿ ತಿಳಿದದ್ದನ್ನು ನೋಡಿ ಗುರುತಿಸುವಂತೆ ಹೇಳಿದಾಗ ಅವರ ಉತ್ತರ ಬರಿಯ ಊಹೆಗಿಂತ ಹೆಚ್ಚು ಉತ್ತಮವಾಗಿರಲಿಲ್ಲ. ಮಾಲಿನೋ ಹೇಳಿದ್ದು ನಿಜವಾಯಿತು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಕೆಲವೇ ದಿನಗಳ ಅನಂತರ ಮತ್ತೆ ಪರೀಕ್ಷಿಸಲಾದ ಮಕ್ಕಳು ಬಹುಮಟ್ಟಿಗೆ ಸರಿಯಾಗಿಯೇ ಹೇಳಿದರು. ಕಣ್ಣಿನ ತಿಳಿವಿಗೂ ಕೈಯ ತಿಳಿವಿಗೂ ಹುಟ್ಟಿನಿಂದ ಸೇತುವೆಯಿಲ್ಲ; ಆದರೆ ಸೇತುವೆ ಕಟ್ಟುವ ಶಕ್ತಿ ಮಗುವಿನಲ್ಲಿ ಬಹುಕಾಲ ಉಳಿದಿರುತ್ತದೆ.

ಬಹುಕಾಲ ಉಳಿದಿರುತ್ತದೆ ಎಂದೆ. ಎಲ್ಲವೂ ಉಳಿದಿರುತ್ತದೆ ಎನ್ನಲಿಲ್ಲ. ತಡವಾಗಿ ಕಣ್ಣು ಪಡೆದ ಮಕ್ಕಳ ನೋಟದ ಸೂಕ್ಷ್ಮತೆ ಹುಟ್ಟಿನಿಂದ ಕಂಡವರಷ್ಟು ಆಗುವುದಿಲ್ಲ. ಇದರ ಕಾರಣವನ್ನು 1960ರ ದಶಕದಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಬೆಕ್ಕಿನ ಮರಿಗಳಲ್ಲಿ ಕಂಡುಹಿಡಿದರು. ಮರಿಯ ಒಂದು ಕಣ್ಣನ್ನು ಮೊದಲ ಕೆಲವು ತಿಂಗಳು ಮುಚ್ಚಿಟ್ಟು ಆಮೇಲೆ ತೆರೆದರೆ, ಕಣ್ಣು ಸರಿಯಾಗಿಯೇ ಇರುತ್ತಿತ್ತು. ಆದರೆ ಮಿದುಳಿನ ಕೋಶಗಳು ಆ ಕಣ್ಣಿನ ಮಾತಿಗೆ ಓಗೊಡುತ್ತಿರಲಿಲ್ಲ. ಬೆಳೆದ ಬೆಕ್ಕಿನ ಕಣ್ಣನ್ನು ಅದಕ್ಕಿಂತ ಹೆಚ್ಚು ಕಾಲ ಮುಚ್ಚಿಟ್ಟರೂ ಇಂಥ ಹಾನಿಯಾಗಲಿಲ್ಲ. 1981ರಲ್ಲಿ ಇವರಿಗೆ ನೊಬೆಲ್ ಪ್ರಶಸ್ತಿ ಬಂದಿತು. ನಮ್ಮ ರೈತನಿಗೆ ಈ ತತ್ತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿತ್ತನೆಗೆ ಒಂದು ಹದವಿದೆ. ಹದ ತಪ್ಪಿದ ಮೇಲೆ ಬೀಜ ಒಳ್ಳೆಯದು, ಭೂಮಿ ಒಳ್ಳೆಯದು, ಮಳೆಯೂ ಒಳ್ಳೆಯದು ಎಂದರೆ ಬೆಳೆ ಬರುವುದಿಲ್ಲ.

ಕಿವಿಗೂ ಇಂಥದೇ ಹದವಿದೆ. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನಮ್ಮ ಭಾಷೆಗಳಿಗೆ ನೇರವಾಗಿ ಸಂಬಂಧಿಸಿದ್ದು. ನಮ್ಮ ಭಾಷೆಗಳಲ್ಲಿ ‘ತ’ ಬೇರೆ, ‘ಟ’ ಬೇರೆ. ‘ತಾಳಿ’ಗೂ ‘ಟಾಳಿ’ಗೂ ಭೇದವಿಲ್ಲವೆಂದರೆ ಕನ್ನಡಿಗರಾರೂ ಒಪ್ಪುವುದಿಲ್ಲ. ಇಂಗ್ಲಿಷಿನಲ್ಲಿ ಈ ಭೇದವಿಲ್ಲ. ಆ ಭಾಷೆಯ ವಯಸ್ಕರಿಗೆ ಅದು ಕೇಳಿಸುವುದೇ ಕಷ್ಟ. ಆದರೆ ಇಂಗ್ಲಿಷ್ ಮನೆಗಳಲ್ಲಿ ಬೆಳೆಯುತ್ತಿದ್ದ ಆರರಿಂದ ಎಂಟು ತಿಂಗಳ ಹಸುಗೂಸುಗಳು ಹಿಂದಿಯ ‘ತ’ಕಾರ ‘ಟ’ಕಾರಗಳ ಭೇದವನ್ನು ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳಾಗುವಷ್ಟರಲ್ಲಿ ಅವುಗಳಲ್ಲಿ ಹೆಚ್ಚಿನವು ಆ ಶಕ್ತಿಯನ್ನು ಕಳೆದುಕೊಂಡಿದ್ದವು. ಹಿಂದಿಯ ಮನೆಯ ಮಕ್ಕಳಲ್ಲಿ ಅದು ಉಳಿದಿತ್ತು. ಮಗು ಮೊದಲ ಮಾತನ್ನಾಡುವ ಮುನ್ನವೇ ಅದರ ಕಿವಿ ಮಾತೃಭಾಷೆಯ ಕಿವಿಯಾಗಿಬಿಡುತ್ತದೆ. ಕಲಿಯುವುದೆಂದರೆ ಪಡೆಯುವುದು ಮಾತ್ರವಲ್ಲ, ಬಿಟ್ಟುಕೊಡುವುದೂ ಹೌದು ಎಂಬುದು ಇದರಿಂದ ತಿಳಿಯುತ್ತದೆ.

ಇಲ್ಲಿಂದ ಮೂರನೆಯ ಋಣಕ್ಕೆ, ಜನದ ಮತ್ತು ನುಡಿಯ ಋಣಕ್ಕೆ, ಬರುತ್ತೇವೆ. ಒಬ್ಬ ಮಗುವಿನ ಕಿವಿ ವರ್ಷವೊಂದರಲ್ಲಿ ಬಿಟ್ಟುಕೊಡುವುದನ್ನು ಒಂದು ಜನಾಂಗದ ಕಿವಿ ಶತಮಾನಗಳಲ್ಲಿ ಬಿಟ್ಟುಕೊಡಬಹುದು. ಕನ್ನಡಿಗರಾದ ನಾವೇ ಇದಕ್ಕೆ ಉದಾಹರಣೆ. ಹಳಗನ್ನಡದಲ್ಲಿ ‘ಳ’ಕಾರವಲ್ಲದೆ ‘ೞ’ ಎಂಬ ಬೇರೊಂದು ಅಕ್ಷರವಿತ್ತು. ‘ಬಾಳ್’ ಎಂದರೆ ಕತ್ತಿ. ‘ಬಾೞ್’ ಎಂದರೆ ಬದುಕು. ‘ಏೞು’, ‘ಮೞೆ’, ‘ಕೋೞಿ’ ಎಂಬ ಮಾತುಗಳಲ್ಲಿದ್ದದ್ದೂ ಈ ಅಕ್ಷರವೇ. 10ನೆಯ ಶತಮಾನದ ಪಂಪನ ಕಾವ್ಯಭಾಷೆಯಲ್ಲಿ ಅದು ಸಲ್ಲುತ್ತಿತ್ತು. 13ನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ವನ್ನು ಬರೆದ ಕೇಶಿರಾಜ ‘ೞ’ಕಾರವುಳ್ಳ ಶಬ್ದಗಳನ್ನು ಪಟ್ಟಿಮಾಡಿ ಕೊಟ್ಟಿದ್ದಾನೆ. ಕಿವಿಯೇ ಹೇಳಿಕೊಡುವ ಭೇದಕ್ಕೆ ಪಟ್ಟಿ ಬೇಕಾಗುವುದಿಲ್ಲ. ಕಿವಿ ಮರೆತದ್ದನ್ನು ವ್ಯಾಕರಣ ನೆನಪಿಟ್ಟುಕೊಳ್ಳಬೇಕಾದಾಗ ಪಟ್ಟಿ ಹುಟ್ಟುತ್ತದೆ. ಇಂದಿಗೂ ತಮಿಳಿನಲ್ಲಿ, ಮಲಯಾಳದಲ್ಲಿ ಆ ಧ್ವನಿ ಜೀವಂತವಾಗಿದೆ. ಹಳಗನ್ನಡವನ್ನು ಬಹುವರ್ಷ ಪಾಠ ಹೇಳಿದ ನಾನು ಆ ಅಕ್ಷರವನ್ನು ಕಪ್ಪುಹಲಗೆಯ ಮೇಲೆ ಸರಿಯಾಗಿಯೇ ಬರೆಯುತ್ತಿದ್ದೆ. ಬಾಯಲ್ಲಿ ಮಾತ್ರ ‘ಳ’ಕಾರವನ್ನೇ ನುಡಿಯುತ್ತಿದ್ದೆ. ತಮಿಳು ಬಲ್ಲ ಗೆಳೆಯರೊಬ್ಬರು ನುಡಿದು ತೋರಿಸಿದಾಗಲೂ ಅದನ್ನು ಹಿಡಿಯಲು ನನ್ನ ಕಿವಿ ತಡವರಿಸಿತು. ‘ಹಾಲು’ ‘ಆಲು’ಗಳ ಹುಡುಗನ ನೆನಪು ನನಗೆ ಆಗ ಬಂದಿತು. ಅವನನ್ನು ಕೇಳಿದ ಪ್ರಶ್ನೆಯನ್ನು ಪಂಪ ನನ್ನನ್ನು ಕೇಳಬಹುದಾಗಿತ್ತು.

ಹೆಸರಿಗೂ ಅರಿವಿಗೂ ಇರುವ ಸಂಬಂಧ ನಮ್ಮ ದರ್ಶನಕಾರರಿಗೆ ಹಳೆಯ ವಿಷಯ. ಹೆಸರು, ಜಾತಿ, ಗುಣ ಇವು ಯಾವುವೂ ಸೇರದ ಮೊದಲ ಕಾಣ್ಕೆಯನ್ನು ‘ನಿರ್ವಿಕಲ್ಪಕ’ವೆಂದೂ, ಇವುಗಳೊಡನೆ ಕೂಡಿದ ಕಾಣ್ಕೆಯನ್ನು ‘ಸವಿಕಲ್ಪಕ’ವೆಂದೂ ನೈಯಾಯಿಕರು ವಿಂಗಡಿಸಿದರು. ವೈಯಾಕರಣನಾದ ಭರ್ತೃಹರಿಯಾದರೋ ಶಬ್ದದ ಸೋಂಕಿಲ್ಲದ ಅರಿವೇ ಲೋಕದಲ್ಲಿಲ್ಲವೆಂಬ ಪಕ್ಷವನ್ನು ಹಿಡಿದ. ಇಂದಿನ ಸಂಶೋಧಕರ ಚರ್ಚೆಯೂ ಈ ಎರಡು ದಡಗಳ ನಡುವೆಯೇ ಹರಿಯುತ್ತಿದೆ. ಮಲಯ ಪರ್ಯಾಯದ್ವೀಪದ ಕಾಡುಗಳಲ್ಲಿರುವ ಜಹಾಯ್ ಎಂಬ ಜನರ ಭಾಷೆಯಲ್ಲಿ ವಾಸನೆಗಳಿಗೇ ಮೀಸಲಾದ ಹತ್ತಾರು ಪದಗಳಿವೆ. ನಾವು ಬಣ್ಣವನ್ನು ಹೆಸರಿಸುವಷ್ಟೇ ಸಲೀಸಾಗಿ ಅವರು ವಾಸನೆಯನ್ನು ಹೆಸರಿಸುತ್ತಾರೆಂದೂ, ಇಂಗ್ಲಿಷ್ ಮಾತನಾಡುವವರು ಅದೇ ವಾಸನೆಗಳ ಮುಂದೆ ತಡವರಿಸುತ್ತಾರೆಂದೂ 2014ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ನಮ್ಮ ಅಜ್ಜಿಯರ ಮಾತನ್ನು ನೆನಪಿಸಿಕೊಳ್ಳಿ. ಕಂಪು, ಘಮ, ಸೊಗಡು, ಕಮಟು, ಕನರು, ಮುಗ್ಗಲು, ನಾತ - ಒಂದೊಂದಕ್ಕೂ ಒಂದೊಂದು ಮಾತು ಅವರಲ್ಲಿತ್ತು. ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದೊಡನೆ ‘ಮುಗ್ಗಲು ಬಂದಿದೆ’ ಎನ್ನುತ್ತಿದ್ದರು. ಇಂದು ನಾವು ‘ಏನೋ ಒಂದು ಥರ ಸ್ಮೆಲ್ಲು’ ಎನ್ನುತ್ತೇವೆ. ಮೂಗು ಅದೇ, ಅದಕ್ಕೆ ಕಲಿಸುತ್ತಿದ್ದ ಮಾತು ಹಿಂದೆ ಸರಿದಿದೆ.

ಆದರೆ ಸಂಸ್ಕೃತಿಯೇ ಸರ್ವಸ್ವವೆಂದು ಹೊರಡುವುದೂ ದುಡುಕಾದೀತು. ಸಮಾನ ಉದ್ದದ ಎರಡು ಗೆರೆಗಳ ತುದಿಗೆ, ಒಂದಕ್ಕೆ ಒಳಮುಖವಾಗಿಯೂ ಇನ್ನೊಂದಕ್ಕೆ ಹೊರಮುಖವಾಗಿಯೂ ಬಾಣದ ಗರಿಗಳನ್ನು ಎಳೆದರೆ ಒಂದು ಉದ್ದವಾಗಿಯೂ ಇನ್ನೊಂದು ಗಿಡ್ಡವಾಗಿಯೂ ಕಾಣುತ್ತವೆ. ಮ್ಯೂಲರ್-ಲಯರ್ ಭ್ರಮೆಯೆಂದು ಇದಕ್ಕೆ ಹೆಸರು. ಇಂಗ್ಲೆಂಡಿನ ಡಬ್ಲ್ಯು. ಎಚ್. ಆರ್. ರಿವರ್ಸ್ 1901-02ರಲ್ಲಿ ನೀಲಗಿರಿಗೆ ಬಂದು ತೋಡರ ನಡುವೆ ಇದ್ದಾಗ ಇಂಥ ಚಿತ್ರಗಳನ್ನು ಅವರಿಗೆ ತೋರಿಸಿದರು. ಇಂಗ್ಲಿಷರು ಮೋಸಹೋದಷ್ಟು ತೋಡರು ಮೋಸಹೋಗಲಿಲ್ಲ. ಮೂಲೆಮಟ್ಟದ ಮನೆಗಳಲ್ಲಿ ಬೆಳೆದವರಿಗೆ ಈ ಭ್ರಮೆ ಹೆಚ್ಚು. ಕಮಾನಿನಾಕಾರದ ಗುಡಿಸಲಿನಲ್ಲಿ, ಬಯಲು ಬೆಟ್ಟಗಳಲ್ಲಿ ಬೆಳೆದವರಿಗೆ ಕಡಿಮೆ ಎಂಬ ವಿವರಣೆ ಆಮೇಲೆ ಬಂದಿತು. ಎಷ್ಟು ಚೆಂದದ ವಿವರಣೆ! ಆದರೆ 2015ರಲ್ಲಿ ಸಿನ್ಹಾ ಅವರ ತಂಡ, ಆಗಷ್ಟೇ ಕಣ್ಣು ಪಡೆದ ಒಂಬತ್ತು ಮಕ್ಕಳಿಗೆ ಇದೇ ಚಿತ್ರವನ್ನು ತೋರಿಸಿತು. ಮನೆಯ ಮೂಲೆಯನ್ನು ಎಂದೂ ಕಣ್ಣಿನಿಂದ ನೋಡಿರದ ಆ ಮಕ್ಕಳೂ ಮೊದಲ ನೋಟಕ್ಕೇ ಈ ಭ್ರಮೆಗೆ ಒಳಗಾದರು. ಎಂದಮೇಲೆ ಭ್ರಮೆಯ ಬೇರು ದೇಹದಲ್ಲಿದೆ. ಬೆಳೆದ ನೆಲಕ್ಕೆ ತಕ್ಕಂತೆ ಅದು ಹೆಚ್ಚಬಹುದು, ತಗ್ಗಬಹುದು. ಮೂರು ಋಣಗಳನ್ನು ಬಿಡಿಬಿಡಿಯಾಗಿ ಎಣಿಸಬಹುದು, ಬಿಡಿಬಿಡಿಯಾಗಿ ತೀರಿಸಲಾಗದು.

ಒಂದು ದ್ವಾರ ಮುಚ್ಚಿದಾಗ ಒಳಗಿನ ಮನೆ ಪಾಳುಬೀಳುವುದೆಂದೂ ತಿಳಿಯಬಾರದು. ಎಳವೆಯಲ್ಲೇ ಕುರುಡಾದವರು ಬ್ರೈಲ್ ಲಿಪಿಯನ್ನು ಬೆರಳಿನಿಂದ ಓದುವಾಗ, ನೋಟಕ್ಕೆ ಮೀಸಲಾದ ಮಿದುಳಿನ ಭಾಗವೇ ಕೆಲಸಮಾಡುತ್ತದೆಂದು 1996ರಲ್ಲಿ ತಿಳಿದುಬಂದಿತು. ಸ್ವರ ಏರಿತೋ ಇಳಿಯಿತೋ ಎಂಬುದನ್ನು ಗುರುತಿಸುವುದರಲ್ಲಿ, ಎಳವೆಯಲ್ಲಿ ದೃಷ್ಟಿ ಕಳೆದುಕೊಂಡವರು ಕಣ್ಣುಳ್ಳವರಿಗಿಂತ ಮೇಲೆಂದು 2004ರಲ್ಲಿ ಪ್ರಕಟವಾಯಿತು. ತಡವಾಗಿ ಕುರುಡಾದವರಲ್ಲಿ ಈ ಮೇಲ್ಮೆ ಕಾಣಲಿಲ್ಲ. ಇದನ್ನು ಓದಿದಾಗ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯದಿರುವುದು ಹೇಗೆ? ಪಂಚಾಕ್ಷರಿ ಗವಾಯಿಗಳು, ಅವರ ಅನಂತರ 2010ರವರೆಗೆ ನಮ್ಮ ನಡುವೆ ಇದ್ದ ಪುಟ್ಟರಾಜ ಗವಾಯಿಗಳು ಇಬ್ಬರೂ ಕಣ್ಣಿಲ್ಲದವರು. ಕಣ್ಣಿಲ್ಲದ ಎಷ್ಟೋ ಮಕ್ಕಳನ್ನು ಕರೆತಂದು ಅನ್ನವಿಟ್ಟು ಸಂಗೀತ ಕಲಿಸಿದವರು. ಮಿದುಳಿನ ಪರೀಕ್ಷೆಯ ಯಂತ್ರಗಳು ಬರುವ ಮೊದಲೇ ಅವರ ಕರುಣೆ ಈ ಸತ್ಯವನ್ನು ಕಂಡುಕೊಂಡಿತ್ತು. ಆದರೆ ದೇಹ ಕೊಟ್ಟ ಅವಕಾಶ ತಾನಾಗಿ ವಿದ್ಯೆಯಾಗಲಿಲ್ಲ. ಎಳೆಯ ವಯಸ್ಸು, ಗುರು, ನಿತ್ಯದ ಸಾಧಕ ಇವು ಕೂಡಿದಾಗಲೇ ಅದು ಸಂಗೀತವಾಯಿತು.

ಇಷ್ಟನ್ನೂ ಹೇಳಿದ್ದು ಬರಿಯ ಬೌದ್ಧಿಕ ಕುತೂಹಲಕ್ಕಾಗಿ ಅಲ್ಲ. ಕೇಳುತ್ತಿರುವವರಲ್ಲಿ ತಾಯಂದಿರಿದ್ದೀರಿ, ತಂದೆಯರಿದ್ದೀರಿ, ನನ್ನಂತೆ ಮೊಮ್ಮಕ್ಕಳನ್ನು ಆಡಿಸುವವರಿದ್ದೀರಿ. ಕೂಸಿನ ಕಣ್ಣಿನ ಪಾಪೆಯಲ್ಲಿ ಬಿಳುಪು ಕಂಡರೆ, ಕಣ್ಣು ಮೆಳ್ಳೆಯಾಗಿದ್ದರೆ, ಅದು ದೀಪದ ಕಡೆಗೆ ತಿರುಗದಿದ್ದರೆ, ‘ಬೆಳೆಯುತ್ತ ಸರಿಹೋಗುತ್ತದೆ’ ಎಂದು ಕಾಯಬೇಡಿ. ಮೆಳ್ಳೆಗಣ್ಣನ್ನು ಅದೃಷ್ಟವೆನ್ನುವವರ ಮಾತಿಗೆ ಕಿವಿಗೊಡಬೇಡಿ. ಸದ್ದಿಗೆ ಬೆಚ್ಚದ ಮಗುವನ್ನು ‘ಬಲು ಸಾಧು’ ಎಂದು ಹೊಗಳಿ ಸುಮ್ಮನಾಗಬೇಡಿ. ಶಿಶುಗಳ ಕಿವಿಯನ್ನು ಹುಟ್ಟಿದ ಕೆಲವೇ ದಿನಗಳಲ್ಲಿ ಪರೀಕ್ಷಿಸುವ ವಿಧಾನಗಳು ಇಂದು ಇವೆ. ಮೈಸೂರಿನಲ್ಲಿ ಇದಕ್ಕೆಂದೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಇಲ್ಲಿ ಕಳೆದ ಒಂದೊಂದು ತಿಂಗಳೂ ಹದ ಕಳೆದ ತಿಂಗಳು.

ಇನ್ನೊಂದು ಮಾತು. ಅಮೆರಿಕದ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂಬತ್ತು ತಿಂಗಳ ಶಿಶುಗಳೊಡನೆ ಚೀನೀ ಭಾಷೆಯವರು ಎದುರಿಗೆ ಕುಳಿತು ಆಡಿದರು, ಮಾತನಾಡಿದರು; ಆ ಶಿಶುಗಳು ಚೀನೀ ಧ್ವನಿಭೇದವನ್ನು ಕಲಿತವು. ಅದೇ ಮಾತನ್ನು ದೂರದರ್ಶನದ ತೆರೆಯ ಮೇಲೆ ತೋರಿಸಿದಾಗ, ಧ್ವನಿಮುದ್ರಿಕೆಯಲ್ಲಿ ಕೇಳಿಸಿದಾಗ ಕಲಿಯಲಿಲ್ಲ. ಬಾನುಲಿಯ ಮುಂದೆ ಕುಳಿತು ಇದನ್ನು ಒಪ್ಪಿಕೊಳ್ಳುವುದು ನನಗೆ ತುಸು ಮುಜುಗರದ ವಿಷಯ! ನನ್ನ ಈ ಭಾಷಣದಿಂದ ನಿಮ್ಮ ತೊಟ್ಟಿಲ ಕೂಸು ಏನನ್ನೂ ಕಲಿಯದು. ಅದಕ್ಕೆ ಬೇಕಾದದ್ದು ಅಜ್ಜಿಯ ಮುಖ, ತಾಯಿಯ ಲಾಲಿ, ಎದುರಿಗೆ ಕುಳಿತವರ ಮಾತು. ಮೊಬೈಲನ್ನು ಕೈಗಿತ್ತು ಮಗುವನ್ನು ಸುಮ್ಮನಾಗಿಸುವವರು ಇದನ್ನು ಯೋಚಿಸಬೇಕು.

ಕೊನೆಯದಾಗಿ, ನನ್ನ ವಿದ್ಯಾರ್ಥಿಯ ವಿಷಯ. ಅವನ ಮನೆಯ ಕನ್ನಡದಲ್ಲಿ ‘ಹ’ಕಾರವಿರಲಿಲ್ಲ, ನನ್ನ ಮನೆಯ ಕನ್ನಡದಲ್ಲಿ ‘ೞ’ಕಾರವಿರಲಿಲ್ಲ. ಅವನದು ದೋಷವೆನಿಸಿಕೊಂಡಿತು, ನನ್ನದು ಭಾಷೆಯ ಚರಿತ್ರೆಯೆನಿಸಿಕೊಂಡಿತು. ಗ್ರಂಥಭಾಷೆಯ ‘ಹ’ಕಾರವನ್ನು ಅವನಿಗೆ ಕಲಿಸುವುದು ನನ್ನ ಕರ್ತವ್ಯವಾಗಿತ್ತು, ನಿಜ. ಆದರೆ ಎರಡನೆಯ ನುಡಿಯೊಂದನ್ನು ಕಲಿಸುವ ತಾಳ್ಮೆಯಿಂದ ಕಲಿಸಬೇಕಾಗಿತ್ತು. ಬೇರೆಯವರಿಗೆ ಕಾಣದ್ದು ನಮಗೆ ಕಂಡಾಗ ಹೆಮ್ಮೆಪಡುವ ಮೊದಲು, ಅವರಿಗೆ ಕಾಣುವುದು ನಮಗೆ ಏನು ಕಾಣುತ್ತಿಲ್ಲವೆಂದು ಒಮ್ಮೆ ಕೇಳಿಕೊಳ್ಳುವುದೇ ಪ್ರಮಾಣಿಸಿ ನೋಡುವ ವಿಧಾನ. ಆ ಹುಡುಗ ಈಗ ಮಧ್ಯವಯಸ್ಸು ದಾಟಿದ ಗೃಹಸ್ಥನಾಗಿರಬೇಕು. ಎಲ್ಲಿಯಾದರೂ ಕುಳಿತು ಈ ಮಾತುಗಳನ್ನು ಕೇಳುತ್ತಿದ್ದರೆ, ಅವನಿಗೆ ನಾನು ಹೇಳಬೇಕಾದದ್ದು ಇಷ್ಟೇ: ಅಪ್ಪಾ, ನಿನಗೆ ಕಿವಿಯಿತ್ತು. ಅಂದು ಕೇಳಿಸಿಕೊಳ್ಳದೆ ಹೋದವನು ನಾನು.